ಕ್ಲಚ್ ಪೆಡಲ್ ನೆಲಕ್ಕ ಕೂತದ, ಬ್ರೇಕ್ ಆಯಿಲ್ ಇಳೀಲಕತ್ತದ: ಗೇರ್‌ಬಾಕ್ಸ್ ಇಳಸಲೇಬೇಕೇನ್ರಿ?

ತೊಗರಿಕಣಜ, ಕಲಬುರಗಿ

ನಮಸ್ಕಾರ್ರಿ ಎಲ್ಲರಿಗೂ. ನಂದು ಹತ್ತು ವರ್ಷದ ಡೀಸಲ್ ಗಾಡಿ, ಸಣ್ಣದು, ಹೈಡ್ರಾಲಿಕ್ ಕ್ಲಚ್ (ಆಯಿಲಿನ ಒತ್ತಡದ ಮ್ಯಾಲ ನಡಿಯೋದು). 92 ಸಾವಿರ ಕಿಲೋಮೀಟರ್ ಓಡ್ಯಾದ. ಗಾಡಿ ಕಂಪನಿ ಹೆಸರು, ಗ್ಯಾರೇಜಿನ ಹೆಸರು ಬೇಕಂತಲೇ ಬರ್ದಿಲ್ಲ.

ಹೋದ ರವಿವಾರ ಗಾಣಗಾಪುರಕ್ಕ ದತ್ತನ ದರ್ಶನಕ್ಕ ಹೋಗಿದ್ವಿ. ವಾಪಸ್ ಬರಬೇಕಾದ್ರ ಚೌಡಾಪುರದ ತಿರುವಿನ್ಯಾಗ ಬ್ರೇಕಿನ ಕೆಂಪು ದೀಪ ಒಮ್ಮೆ ಹತ್ತಿ ಆರಿತು. ಹ್ಯಾಂಡ್‌ಬ್ರೇಕ್ ಇಳಿಸೇ ಇತ್ತು. ವೈರಿಂಗ್ ಇರಬೇಕು ಬಿಡು ಅಂದೆ. ಊರ ಹತ್ರ ರಿಂಗ್ ರೋಡ್ ಸಿಗ್ನಲ್‌ನ್ಯಾಗ ನಿಂತಾಗ ಫಸ್ಟ್ ಗೇರ್ ಬೀಳವಲ್ದು. ಪೆಡಲ್ ಒತ್ತಿದ್ರ ಬೆಣ್ಣ್ಯಾಗ ಕಾಲಿಟ್ಟಂಗ ಹೋಗಿ ನೆಲಕ್ಕ ಕೂತದ, ಮ್ಯಾಲ ಬರಂಗಿಲ್ಲ. ಹೆಬ್ಬೆರಳಿಲೆ ಎಬ್ಬಿಸಿದೆ. ಹಿಂದ ಲಾರಿ ಹಾರ್ನು, ಮುಂದ 43 ಡಿಗ್ರಿ ಬಿಸಿಲು, ಒಳಗ ನಮ್ಮವ್ವ "ದತ್ತ ದತ್ತ" ಅಂತ ಕೂತಾಳ. ಹ್ಯಾಂಗೋ ಮನಿ ಮುಟ್ಟಿದೆ. ರಿವರ್ಸ್ ಹಾಕಿದ್ರ ಕರ್ರ್ ಅಂತ ಆವಾಜ.

ಬಾನೆಟ್ ತಗದು ನೋಡಿದ್ರ ಬ್ರೇಕ್ ಆಯಿಲ್ ಡಬ್ಬಿ (ಕ್ಲಚ್ಚಿಗೂ ಅದೇ ಡಬ್ಬಿ) ಮಿನಿಮಮ್ ಗೆರಿಗಿಂತ ಕೆಳಗ. ತುಂಬಿಸಿದೆ, ಮೂರು ದಿನಕ್ಕ ಮತ್ತ ಕೆಳಗ. ಗಾಡಿ ಕೆಳಗ ಗೇರ್‌ಬಾಕ್ಸ್ ಕಡಿ ಹಸಿ ಅದ. ಗ್ಯಾರೇಜಿನವ ಕೆಳಗ ಬಗ್ಗಿ ಒಂದೇ ನಿಮಿಷ ನೋಡಿ, "ಕ್ಲಚ್ ಸೆಟ್ ಹೋಗ್ಯಾದ, ಒಳಗಿನ ಸಿಲಿಂಡರ್ ಸೋರ್ಲಕತ್ತದ, ಗೇರ್‌ಬಾಕ್ಸ್ ಇಳಸಬೇಕು, 14 ಸಾವಿರ" ಅಂದ. ಖರೇ ಏನ್ರಿ ಇದು? ಅಪ್ಪ ಅಂತೂ ಗಾಡಿ ಮಾರು ಅನ್ಲಕತ್ತಾನ.

ಶಹಾಬಾದ್_ಫರಸಿ

ಇಷ್ಟಕ್ಕ ಯಾಕ ಚಿಂತಿ ಮಾಡ್ತೀರಿ ಅಣ್ಣಾ. ಕೇಬಲ್ ಲೂಸ್ ಆಗಿರ್ತದ. ನಮ್ಮ ಆಲ್ಟೊದ್ದು ನಟ್ ಟೈಟ್ ಮಾಡಿದ್ರು, ಐವತ್ತು ರೂಪಾಯಿ ತಗೊಂಡ್ರು, ಮುಗೀತು.

ಮಿಸ್ತ್ರಿಕಾಕಾ, ಕಲಬುರಗಿ

ಫರಸಿ, ಆಲ್ಟೊಕ್ಕ ಕೇಬಲ್ ಕ್ಲಚ್. ಇವರ ಗಾಡ್ಯಾಗ ಕೇಬಲ್ಲೇ ಇಲ್ಲ, ಟೈಟ್ ಏನ್ ಮಾಡ್ತೀ?

ತೊಗರಿಕಣಜ, ಜರಾ ಸಾವಕಾಶ ಓದಪ್ಪ. ಡಿಪೋದಾಗ ಮೂವತ್ತು ವರ್ಷ ಕೈ ಕಪ್ಪು ಮಾಡ್ಕೊಂಡು ಈಗ ಮನ್ಯಾಗ ಕೂತೀನಿ, ನನಗ ಹೊತ್ತು ಭಾಳ ಅದ.

ಪೆಡಲಿನ ಹಿಂದ ಒಂದು ಸಿಲಿಂಡರ್, ಅದು ಮಾಸ್ಟರ್. ನಾವು ಅಪ್ಪರ್ ಅಂತೀವಿ. ಗೇರ್‌ಬಾಕ್ಸ್ ಕಡಿ ಇನ್ನೊಂದು, ಅದು ಸ್ಲೇವ್, ನಮ್ಮ ಮಾತಿನ್ಯಾಗ ಲೋವರ್. ನಡುವ ಪೈಪು. ನೀ ಪೆಡಲ್ ಒತ್ತಿದ್ರ ಅಪ್ಪರ್ ಆಯಿಲ್ ದೂಡ್ತದ, ಲೋವರ್ ಆ ದೂಡಿಕಿ ತಗೊಂಡು ಬೇರಿಂಗ್ ಒತ್ತತದ, ಕ್ಲಚ್ ಪ್ಲೇಟ್ ಎಂಜಿನ್ನಿನಿಂದ ಬಿಡ್ತದ. ಆಯಿಲ್ ಸೋರಿ ಗಾಳಿ ಹೊಕ್ರ ಆ ಗಾಳಿನೇ ಹಿಂಡಿಕೋತದ, ಬೇರಿಂಗ್ ಸರಿಯಂಗಿಲ್ಲ. ಪೆಡಲ್ ಬೆಣ್ಣಿ ಆಗೋದು ಅದಕ್ಕ. ರಿವರ್ಸ್ ಮೊದಲು ಯಾಕ ಕರ್ರ್ ಅಂತದಂದ್ರ, ಭಾಳ ಗಾಡ್ಯಾಗ ರಿವರ್ಸಿಗೆ ಸಿಂಕ್ರೊ (ಗೇರಿನ ಹಲ್ಲು ಸದ್ದಿಲ್ಲದೇ ಕೂಡಿಸೋ ಬಳಿ) ಇರಂಗಿಲ್ಲ. ಕ್ಲಚ್ ಪೂರಾ ಬಿಡಲಿಲ್ಲಂದ್ರ ಮೊದಲು ಒದರೋದು ಅದೇ.

ಬೊಲೆರೊ, ಇನ್ನೋವಾದಾಗ ಲೋವರ್ ಹೊರಗ ಇರ್ತದ, ಕೈಗೆ ಸಿಗ್ತದ. ನಿನ್ನಂಥ ಸಣ್ಣ ಡೀಸಲ್ ಗಾಡಿ ಭಾಳಷ್ಟರಾಗ ಅದು ಬಳಿ ಇದ್ದಂಗ ಶಾಫ್ಟಿನ ಸುತ್ತ ಬೆಲ್ ಹೌಸಿಂಗ್ (ಕ್ಲಚ್ ಮುಚ್ಚೋ ಗಂಟಿಯಂಥ ಕವಚ) ಒಳಗ ಕೂತಿರ್ತದ. ಅದೇ ಸೋರಿದ್ರ ಗೇರ್‌ಬಾಕ್ಸ್ ಇಳಸೋದು ಬಿಟ್ಟು ದಾರಿ ಇಲ್ಲ. ಗ್ಯಾರೇಜಿನವ ಹೇಳಿದ್ದು ಸುಳ್ಳು ಅನ್ನಂಗಿಲ್ಲ. ಆದ್ರ ಒಂದು ನಿಮಿಷದಾಗ ಬಗ್ಗಿ ನೋಡಿ ಹೇಳೋ ಮಾತಲ್ಲ ಅದು. ತೊಟ್ಟಿಕ್ಕೋ ಜಾಗ ಬ್ಯಾರೆ, ಸೋರೋ ಜಾಗ ಬ್ಯಾರೆ. ಮಾಳಿಗಿ ಮನ್ಯಾಗ ಮಳಿ ಸೋರಿದ್ದು ನೋಡಿಲ್ಲೇನು? ತೂತು ಒಂದು ಮೂಲ್ಯಾಗ, ಹನಿ ಇನ್ನೊಂದು ಮೂಲ್ಯಾಗ.

ಎರಡು ಕೆಲಸ ಮಾಡು. ಎಂಜಿನ್ ಚಾಲೂ ಇಟ್ಟು ಪೆಡಲ್ ಐದಾರು ಸಲ ಪಟಪಟ ಒತ್ತಿ ಗೇರ್ ಹಾಕು. ಆಗ ಬಿತ್ತಂದ್ರ ದೋಷ ಆಯಿಲಿಂದು, ಪ್ಲೇಟಿಂದಲ್ಲ. ಪೆಡಲ್ ಗಟ್ಟಿ ಇದ್ದೂ ಗೇರ್ ಬೀಳಲಿಲ್ಲಂದ್ರ ಪ್ಲೇಟೋ ಫೋರ್ಕೋ (ಬೇರಿಂಗ್ ದೂಡೋ ಕವಲು) ಅಂತ ವಿಚಾರ ಮಾಡಬೇಕು. ಆಮ್ಯಾಲ ಡ್ರೈವರ್ ಕಾಲಿನ ಕಡಿ ಮ್ಯಾಟ್ ಎತ್ತಿ, ಪೆಡಲಿನ ರಾಡು ಗೋಡಿಯೊಳಗ ಹೋಗೋ ಜಾಗಕ್ಕ ಬೆರಳು ಹಚ್ಚಿ ನೋಡು. ಹಸಿ ಇದ್ರ ಅಪ್ಪರ್ ಹೋಗ್ಯಾದ.

ತೊಗರಿಕಣಜ

ಕಾಕಾ, ಈಗೇ ಮಾಡಿ ಬಂದೆ. ಪಟಪಟ ಒತ್ತಿದ್ರ ಆರನೇ ಸಲಕ್ಕ ಗೇರ್ ಸರಳ ಬಿತ್ತು. ರಿವರ್ಸ್ ಸುದ್ಧಾ. ಎರಡು ನಿಮಿಷ ಬಿಟ್ಟು ನೋಡಿದ್ರ ಮತ್ತ ಮೊದಲಿನಂಗೇ. ಮ್ಯಾಟ್ ಕೆಳಗ ಒಣಾ ಒಣಾ, ರಾಡಿನ ರಬ್ಬರ್ ಒಳಗೂ ಬೆರಳು ಹಾಕಿದೆ, ಧೂಳು ಬಿಟ್ರ ಏನಿಲ್ಲ.

ಕೆಳಗ ತೊಟ್ಟಿಕ್ಕೋದು ಎಸಿ ನೀರಾ ಆಯಿಲಾ ಅಂತ ಒಂದು ಅನುಮಾನ ಅದ.

ಯಾದಗಿರಿ_ಬುರುಜು

ಎಸಿ ನೀರು ಬರೀ ನೀರು, ಒರೆಸಿದರೆ ಬೆರಳು ಒಣಗುತ್ತದೆ. ಬ್ರೇಕ್ ಆಯಿಲ್ ತೆಳ್ಳಗಿದ್ದರೂ ಜಾರುತ್ತದೆ, ಸ್ವಲ್ಪ ಹಳದಿ, ಹಳೆಯದಾದರೆ ಚಹಾದ ಬಣ್ಣ. ಒಂದು ಸ್ಟೀಲ್ ತಟ್ಟೆಯಲ್ಲಿ ನೀರು ಹಾಕಿ ಅದರ ಮೇಲೆ ಆ ಹನಿ ಬಿಡಿ. ಎಂಜಿನ್ ಆಯಿಲ್, ಗೇರ್ ಆಯಿಲ್ ಆದರೆ ಮೇಲೆ ತೇಲುತ್ತದೆ. ಬ್ರೇಕ್ ಆಯಿಲ್ ನೀರಿನೊಳಗೆ ಬೆರೆತು ಹೋಗುತ್ತದೆ. ಗೇರ್ ಆಯಿಲ್‌ಗೆ ಕೊಳೆತ ಗಂಧಕದ ವಾಸನೆಯೂ ಇರುತ್ತದೆ, ಮೂಗೇ ಹೇಳುತ್ತದೆ.

ಇನ್ನೊಂದು ಮಾತು. ಡಬ್ಬಿಯಲ್ಲಿ ಆಯಿಲ್ ಇಳಿದ ಮಾತ್ರಕ್ಕೆ ಸೋರಿಕೆ ಎನ್ನಬೇಡಿ. ಬ್ರೇಕ್ ಪ್ಯಾಡ್ ಸವೆದಂತೆ ಅದನ್ನು ಒತ್ತುವ ಕ್ಯಾಲಿಪರ್ ಪಿಸ್ಟನ್ ಮುಂದೆ ಬರುತ್ತದೆ, ಅಷ್ಟು ಆಯಿಲ್ ಅಲ್ಲಿ ತುಂಬಿಕೊಳ್ಳುತ್ತದೆ. ಅದು ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುವುದು. ನಿಮ್ಮದು ಮೂರು ದಿನಕ್ಕೆ ಇಳಿದಿದೆ, ಹಾಗಾಗಿ ಸೋರಿಕೆಯೇ. ನಿಮ್ಮ ಕೆಂಪು ದೀಪ ವೈರಿಂಗ್ ಅಲ್ಲ, ತಿರುವಿನಲ್ಲಿ ಆಯಿಲ್ ಒಂದು ಕಡೆ ವಾಲಿದಾಗ ಒಳಗಿನ ಫ್ಲೋಟ್ ಕೆಳಗಿಳಿದು ದೀಪ ಹತ್ತಿದೆ.

ತೊಗರಿಕಣಜ

ತಟ್ಟಿ ಪರೀಕ್ಷಾ ಆತು ಸರ. ಬೆರೆತು ಹೋತು. ಬ್ರೇಕ್ ಆಯಿಲ್ಲೇ.

ಮತ್ತ ಒಂದು ಹೆದರಿಕಿ. ಡಬ್ಬಿ ಒಂದೇ ಅಂದ್ರ ಬ್ರೇಕ್ ಸುದ್ಧಾ ಹೋಗ್ತದೇನು?

ಮಿಸ್ತ್ರಿಕಾಕಾ

ಡಬ್ಬಿ ಒಂದೇ ಇರೋ ಗಾಡ್ಯಾಗ ಕ್ಲಚ್ಚಿನ ನಳಿ ಮ್ಯಾಲ ಕೂಡಿಸಿರ್ತಾರ, ಬ್ರೇಕಿಂದು ತಳಕ್ಕ. ಕ್ಲಚ್ ಪೂರಾ ಸೋರಿ ಹೋದ್ರೂ ಬ್ರೇಕಿನ ಪಾಲು ತಳದಾಗ ಉಳೀತದ. ಹಂಗಂತ ಅದರ ಭರವಸಿ ಮ್ಯಾಲ ಊರೂರು ತಿರುಗಬ್ಯಾಡ. ಡಬ್ಬಿ ನೋಡ್ಕೋತ ಇರು.

ಬಿದರಿಹೂಜಿ, ಬೀದರ

ತಮ್ಮಾ, ತುಂಬಸಬೇಕಾದ್ರ ಬಾಟಲಿ ಮ್ಯಾಲ ಡಾಟ್ 3 ಅಥವಾ ಡಾಟ್ 4 (ಬ್ರೇಕ್ ಆಯಿಲಿನ ದರ್ಜಿ) ಅಂತ ನೋಡಿ ತುಂಬಸು. ಯಾವುದು ಅಂತ ಡಬ್ಬಿ ಮುಚ್ಚಳದ ಮ್ಯಾಲೇ ಬರದಿರ್ತದ. ನಾ ಕಲಿತದ್ದು ರೊಕ್ಕ ಕೊಟ್ಟು.

ಎರಡು ವರ್ಷದ ಹಿಂದ ಹುಮನಾಬಾದ್ ಹತ್ರ ಪೆಡಲ್ ಹಗುರ ಆತು. ದಾರಿ ಮ್ಯಾಗಿನ ಒಂದು ಅಂಗಡ್ಯಾಗ ಹುಡುಗ "ಮೇಡಂ, ಎಲ್ಲಾ ಆಯಿಲ್ ಒಂದೇ" ಅಂತ ಪವರ್ ಸ್ಟೇರಿಂಗ್ ಆಯಿಲ್ ಸುರದ. ಕಾಲೇಜಿಗೆ ಹೊತ್ತಾಗಿತ್ತು, ನಾನೂ ನೋಡಲಿಲ್ಲ. ಎಂಟು ದಿನದಾಗ ಪೆಡಲ್ ಗಟ್ಟಿ ಆಗಿ ವಾಪಸ್ ಬರೋದೇ ಬಿಡ್ತು, ಬ್ರೇಕ್ ಹಿಡಕೊಂಡು ಚಕ್ಕರ್ ಕಾಯ್ಲಕತ್ತಿತು. ಗ್ಯಾರೇಜಿನ್ಯಾಗ ಡಬ್ಬಿ ಮುಚ್ಚಳ ತಗದ್ರ ಅದರೊಳಗಿನ ರಬ್ಬರ್ ನೀರಾಗ ನೆನಸಿಟ್ಟ ಉತ್ತತ್ತಿ ಹಂಗ ಉಬ್ಬಿತ್ತು. ಒಳಗಿನ ಎಲ್ಲಾ ವಾಷರ್ ಅದೇ ಗತಿ. ಅಪ್ಪರ್, ಲೋವರ್, ಬ್ರೇಕ್ ಮಾಸ್ಟರ್, ಕ್ಯಾಲಿಪರ್ ಕಿಟ್, ಹೋಸ್ ಪೈಪು ಎಲ್ಲಾ ಬದಲಿ. ಕ್ಲಚ್ ಆಯಿಲ್ ಸೋರಿದ್ದು ಸಣ್ಣ ತ್ರಾಸ, ನಾ ಮಾಡ್ಕೊಂಡದ್ದು ದೊಡ್ಡದು.

ಮಿಸ್ತ್ರಿಕಾಕಾ

ಅಕ್ಕಾವ್ರು ಹೇಳಿದ್ದು ಅಗದಿ ಬರೋಬರ್. ಬ್ರೇಕ್ ಆಯಿಲ್ ಹೆಸರಿಗಷ್ಟೇ ಆಯಿಲ್, ಅದು ಗ್ಲೈಕಾಲ್. ಅದಕ್ಕ ಒಗ್ಗೋ ರಬ್ಬರ್ ಬ್ಯಾರೆ, ಖನಿಜ ಎಣ್ಣಿಗೆ ಒಗ್ಗೋ ರಬ್ಬರ್ ಬ್ಯಾರೆ. ಡಾಟ್ 5 ಅಂತ ಒಂದು ಸಿಲಿಕಾನಿಂದು ಅದ, ನಂಬರ್ ದೊಡ್ಡದದ ಅಂತ ಅದನ್ನೂ ಹಾಕಬ್ಯಾಡ್ರಿ. 5.1 ಬ್ಯಾರೆ, ಅದು ಗ್ಲೈಕಾಲ್ಲೇ. ಮತ್ತ ಒಡದ ಬಾಟಲಿ ವರ್ಷಗಟ್ಟಲೆ ಇಟ್ಟು ಹಾಕಬ್ಯಾಡ್ರಿ. ಅದು ಗಾಳ್ಯಾಗಿನ ನೀರು ಹೀರತದ. ಹೊಸಾ ಡಾಟ್ 4 ಕುದಿಯೋದು 230 ಡಿಗ್ರಿಗೆ, ನೀರು ಹೀರಿದ್ದು 155ಕ್ಕೇ ಕುದೀಬಹುದು.

ಈಗ ನಿನ್ನ ಗಾಡಿಗೆ ಬರೋಣು ತೊಗರಿ. ಅಪ್ಪರ್ ಒಣಾ ಅದ. ಡಬ್ಬಿ ಇಳೀಲಕತ್ತದ ಅಂದ್ರ ಹೊರಗ ಎಲ್ಲೋ ಸೋರ್ಲಕತ್ತದ. (ಡಬ್ಬಿ ಇಳಿಯದೇ ಪೆಡಲ್ ಅಷ್ಟೇ ಕೂತಿದ್ರ ಅಪ್ಪರಿನ ಒಳಗಿನ ವಾಷರ್ ಬಿಟ್ಟದ ಅನ್ನಬಹುದಿತ್ತು.) ಉಳಿದದ್ದು ಪೈಪು, ಜಾಯಿಂಟು, ಒಳಗಿನ ಲೋವರ್. ಗಾಡಿ ಜಾಕಿನ ಮ್ಯಾಲೆ ಎತ್ತಿದ್ರ ಕೆಳಗ ಸ್ಟ್ಯಾಂಡೋ ಕಟಗಿ ದಿಮ್ಮಿನೋ ಕೊಡು, ಬರೀ ಜಾಕಿ ನಂಬಿ ಒಳಗ ಹೋಗಬ್ಯಾಡ. ಗೇರ್‌ಬಾಕ್ಸಿನ ಮೈ ಪೂರಾ ಅರಿವಿಲೆ ಒರಸಿ ಒಣಗಸು. ಆಮ್ಯಾಲ ಕೂಸಿಗೆ ಹಚ್ಚೋ ಪೌಡರ್ ಉದುರಸು, ಪೈಪು ಒಳಗ ಹೋಗೋ ಜಾಗದಿಂದ ಹಿಡದು ತಳದ ತನಕ. ಯಾರರೆ ಮೂವತ್ತು ಸಲ ಪೆಡಲ್ ಒತ್ತಲಿ. ಬ್ಯಾಟ್ರಿ ಹಚ್ಚಿ ನೋಡು, ಹಸಿ ಗೆರಿ ಎಲ್ಲಿಂದ ಶುರು ಆಗ್ತದ ಅಂತ. ಬೆಲ್ ಹೌಸಿಂಗ್ ತಳದಾಗ ಒಂದು ಸಣ್ಣ ತೂತು ಇರ್ತದ. ಗೆರಿ ಆ ತೂತಿನ್ಯಾಗಿಂದ ಬಂದಿದ್ರ 14 ಸಾವಿರ ತಯಾರ್ ಇಟ್ಕೋ.

ಕೆಂಪುಬಾಳೆ, ಕಮಲಾಪುರ

ನಾನೂ ಓದ್ಲಕತ್ತೀನಿ ಕಾಕಾ. ನನಗ ಹೋದ ವರ್ಷ ಇದೇ ಪಜೀತಿ, ಪೆಡಲ್ ಪೂರಾ ಹೋತು, ಕಮಲಾಪುರದಿಂದ ಕಲಬುರಗಿ ತನಕ ಕ್ಲಚ್ ಇಲ್ಲದೇ ಬಂದೀನಿ. ಎಂಜಿನ್ ಬಂದ್ ಮಾಡಿ ಫಸ್ಟ್ ಗೇರ್ ಹಾಕಿ ಕೀಲಿ ತಿರುವಿದ್ರ ಗಾಡಿ ಕುಪ್ಪಳಸಿ ಚಾಲೂ ಆಗ್ತದ. ಆಮ್ಯಾಲ ಎಕ್ಸಲರೇಟರ್ ಬಿಟ್ಟು ಆವಾಜ ಕೂಡಿದಾಗ ಸೆಕೆಂಡ್, ಥರ್ಡ್ ಸರಸೋದು. ನಿಲ್ಲಬೇಕಂದ್ರ ನ್ಯೂಟ್ರಲ್. ಕೆಲವು ಹೊಸಾ ಗಾಡಿ ಕ್ಲಚ್ ಒತ್ತದೇ ಸ್ಟಾರ್ಟ್ ಆಗಂಗಿಲ್ಲ. ಊರೊಳಗ ಮಾತ್ರ ಮಾಡಬ್ಯಾಡ್ರಿ. ಸೂಪರ್ ಮಾರ್ಕೆಟ್ ಮುಂದ ಮಾಡಿ ಒಂದು ಬಾಳೆಹಣ್ಣಿನ ಬಂಡಿಗೆ ಮುತ್ತು ಕೊಟ್ಟೀನಿ. ನಮ್ಮೂರ ಕೆಂಪುಬಾಳೆನೇ ಇದ್ವು, ನಾನೇ ಕೊಂಡೆ.

ತೊಗರಿಕಣಜ

ಕಾಕಾ, ಗೆರಿ ಸಿಕ್ತು!

ಮನ್ಯಾಗ ಪೌಡರ್ ಇರ್ಲಿಲ್ಲ. ದೇವರ ಮನ್ಯಾಗಿನ ವಿಭೂತಿ ಪುಡಿ ಮಾಡಿ ಉದುರಿಸಿದೆ. ಅವ್ವ ನೋಡಿ ಬೈದದ್ದು ಬ್ಯಾರೆ ಕಥಿ. ಅಳಿಯ ಪೆಡಲ್ ಒತ್ತಿದ, ನಾ ಕೆಳಗ ಮಲಕೊಂಡು ನೋಡ್ಲಕತ್ತಿದ್ದೆ. ಇಪ್ಪತ್ತೋ ಇಪ್ಪತ್ತೆರಡೋ ಒತ್ತಿದ ಮ್ಯಾಲ, ಪೈಪು ಗೇರ್‌ಬಾಕ್ಸಿನೊಳಗ ಹೋಗೋ ಜಾಗದಾಗ ಒಂದು ಕರೀ ಮೊಣಕೈ ಪೀಸ್ ಅದ, ತಂತಿ ಕ್ಲಿಪ್ ಹಾಕಿದ್ದು, ಅದರ ಬುಡಕ್ಕ ಸಾಸಿವಿ ಕಾಳಷ್ಟು ಹನಿ ಹುಟ್ಟಿತು. ಹುಟ್ಟಿ, ಬೂದಿ ನೆನಸ್ಕೋತ, ಮೈಗುಂಟ ಇಳಿದು, ಬೆಲ್ ಹೌಸಿಂಗಿನ ಕೆಳಗಿನ ಬೋಲ್ಟಿಗೆ ಬಂದು ಅಲ್ಲಿಂದ ತೊಟ್ಟಿಕ್ತು. ತಳದ ತೂತಿನ ಸುತ್ತ ವಿಭೂತಿ ಒಣಾನೇ ಅದ. ಗ್ಯಾರೇಜಿನವ ನೋಡಿದ್ದು ಬೋಲ್ಟಿನ ಹನಿ.

ಮಿಸ್ತ್ರಿಕಾಕಾ

ಭಲೇ! ಜಾಯಿಂಟಿನ ಓ ರಿಂಗ್ (ಸೋರದಂಗ ತಡಿಯೋ ರಬ್ಬರ್ ಬಳಿ) ಹೋಗ್ಯಾದ. ಗೇರ್‌ಬಾಕ್ಸ್ ಮುಟ್ಟೋದು ಬ್ಯಾಡ.

ಶಹಾಬಾದ್_ಫರಸಿ

ಅಷ್ಟೇ ಆದ್ರ ಪಂಪ್‌ಸೆಟ್ ಅಂಗಡ್ಯಾಗ ಎಲ್ಲಾ ಸೈಜಿನ ಓ ರಿಂಗ್ ಸಿಗ್ತಾವ ಅಣ್ಣಾ, ಹತ್ತು ರೂಪಾಯಿಗೆ ಒಂದು.

ಮಿಸ್ತ್ರಿಕಾಕಾ

ಫರಸಿ, ನೀ ಒಳ್ಳೇ ಹುಡುಗ, ಆದ್ರ ಸುಮ್ಮ ಕೂಡು. ಪಂಪ್‌ಸೆಟ್ ಅಂಗಡ್ಯಾಗ ಸಿಗೋದು ಸಾಮಾನ್ಯವಾಗಿ ನೈಟ್ರೈಲ್ ರಬ್ಬರ್, ಡೀಸಲ್ ಎಣ್ಣಿಗೆ ಛಲೋ. ಬ್ರೇಕ್ ಆಯಿಲ್ಯಾಗ ಅದು ಮೆತ್ತಗಾಗಿ ಉಬ್ಬತದ. ಇದಕ್ಕ ಬೇಕಾದ್ದು ಇ.ಪಿ.ಡಿ.ಎಂ. ರಬ್ಬರ್. ಎರಡೂ ಕರ್ರಗೇ ಇರ್ತಾವ, ಕಣ್ಣಿಲೆ ಗೊತ್ತಾಗಂಗಿಲ್ಲ. ಕಂಪನಿ ಸ್ಪೇರ್ ಕೌಂಟರಿನ್ಯಾಗ ಚಾಸಿ ನಂಬರ್ ಹೇಳಿ ಕೇಳು ತೊಗರಿ.

ತೊಗರಿಕಣಜ

ಎಂಟು ದಿನ ಆದ ಮ್ಯಾಲ ಬರೀಲಕತ್ತೀನಿ. ಓ ರಿಂಗ್ ಅಲಗ್ ಕೊಡಂಗಿಲ್ಲ ಅಂದ್ರು, ಮೊಣಕೈ ಪೀಸಿನ ಜೋಡಿನೇ ಬರ್ತದಂತ. ಎರಡು ದಿನಕ್ಕ ತರಿಸಿ ಕೊಟ್ರು. ಪೀಸು, ಅರ್ಧ ಲೀಟರ್ ಡಾಟ್ 4, ಪಾರದರ್ಶಕ ನಳಿ ಎಲ್ಲಾ ಸೇರಿ ಸಾವಿರದೊಳಗೇ ಮುಗೀತು.

ಹಳೀ ಓ ರಿಂಗ್ ತಗದು ನೋಡಿದ್ರ ಒಂದು ಮಗ್ಗಲಿಗೆ ಚಪ್ಪಟಿ ಆಗಿತ್ತು, ಬಾಗಿಸಿದ್ರ ಕೂದಲೆಳಿಯಂಥ ಬಿರುಕು. ಹೊಸಾದಕ್ಕ ಬ್ರೇಕ್ ಆಯಿಲ್ಲೇ ಸವರಿ ಕೂಡಿಸಿದೆ, ಗ್ರೀಸ್ ಹಚ್ಚಿಲ್ಲ. ಕ್ಲಿಪ್ ಟಕ್ ಅಂದಿದ್ದು ಕೇಳಿ ಹೊರಗ ಬಂದೆ.

ಏರ್ ತಗಿಯೋದೇ ದೊಡ್ಡ ಕೆಲಸ ಆತು. ಏರ್ ಬಿಡೋ ನಿಪ್ಪಲ್ಲಿಗೆ ನಳಿ ಹಾಕಿ, ನಳಿ ತುದಿ ಆಯಿಲ್ ಇದ್ದ ಬಾಟಲ್ಯಾಗ ಮುಳುಗಿಸಿ ಇಟ್ಟೆ. ಅಳಿಯ "ಒತ್ತೀನಿ ಮಾಮಾ" ಅಂದಾಗ ನಾ ನಿಪ್ಪಲ್ ಸಡಿಲ ಬಿಡೋದು, ಬಂದ್ ಮಾಡಿ "ಬಿಡು" ಅನ್ನೋದು. ಸೋಡಾ ಬಾಟಲಿ ಒಡದಂಗ ಗುಳ್ಳಿ ಬಂದ್ವು. ಬಂದ ಆಯಿಲ್ ಕುದ್ದ ಚಹಾದ ಬಣ್ಣ. ನಡುವ ಅಳಿಯ ಮೊಬೈಲ್ ನೋಡಿ ನಾ ಬಂದ್ ಮಾಡೋಕಿಂತ ಮೊದಲೇ ಪೆಡಲ್ ಬಿಟ್ಟ, ಗಾಳಿ ವಾಪಸ್ ಹೊಕ್ತು, ಮತ್ತ ಮೊದಲಿಂದ. ಇಷ್ಟೆಲ್ಲಾ ಮಾಡಿದ್ರೂ ಪೆಡಲ್ ಅರ್ಧ ತನಕ ಮೆತ್ತಗೇ ಅದ ಕಾಕಾ. ಸೋರೋದು ಅಂತೂ ನಿಂತದ.

ಮಿಸ್ತ್ರಿಕಾಕಾ

ಒಳಗಿನ ಲೋವರ್ ಇರೋ ಗಾಡ್ಯಾಗ ಹಿಂಗೇ. ಗಾಳಿ ಮ್ಯಾಲ ಹೋಗೋ ಜಾತಿ, ನೀ ಅದನ್ನ ಕೆಳಗ ಎಳೀಲಕತ್ತಿ. ಉಲ್ಟಾ ಮಾಡು. ದೊಡ್ಡ ಸಿರಿಂಜ್ ತಗೊಂಡು, ಸೂಜಿ ಬ್ಯಾಡ, ಹೊಸಾ ಆಯಿಲ್ ತುಂಬಿ, ಗಾಳಿ ಹೊರಗ ಹಾಕಿ, ನಳಿ ಮುಖಾಂತರ ನಿಪ್ಪಲ್ಲಿನಿಂದ ಸಾವಕಾಶ ಮ್ಯಾಲಕ್ಕ ದೂಡು. ಅದಕ್ಕಿಂತ ಮೊದಲು ಡಬ್ಬ್ಯಾಗಿಂದು ಅರ್ಧ ಎಳದು ತಗಿ, ಇಲ್ಲಂದ್ರ ಉಕ್ಕಿ ಬಣ್ಣದ ಮ್ಯಾಲ ಬೀಳ್ತದ. ಬಿತ್ತಂದ್ರ ಒರಸಕ್ಕ ಹೋಗಬ್ಯಾಡ, ಮೊದಲು ನೀರು ಸುರಿ. ಪೇಂಟ್ ತಿಂತದ ಅದು. ಕಣ್ಣಿಗೂ ಸಿಡೀದಂಗ ನೋಡ್ಕೋ.

ಕೆಲವು ಗಾಡ್ಯಾಗ ನಿಪ್ಪಲ್ ಇರಂಗಿಲ್ಲ, ಆ ಕ್ಲಿಪ್ ಎತ್ತಿ ಪೈಪು ಒಂದು ಹಂತ ಹೊರಗ ಎಳದ್ರ ಅದೇ ಏರ್ ತಗಿಯೋ ಬಾಯಿ. ನಿನ್ನದ್ರಾಗ ನಿಪ್ಪಲ್ ಅದ, ಚಿಂತಿ ಇಲ್ಲ. ಭಾಳ ಬಿಗಿ ಮಾತ್ರ ಮಾಡಬ್ಯಾಡ, ಪ್ಲಾಸ್ಟಿಕ್ ಬುಡ ಮುರೀತದ.

ತೊಗರಿಕಣಜ

ಆತ್ರಿ! ದನದ ಔಷಧಿ ಅಂಗಡ್ಯಾಗ ದೊಡ್ಡ ಸಿರಿಂಜ್ ಸಿಕ್ತು. ಅಂಗಡ್ಯಾವ "ಎಮ್ಮಿಗೇನಾಗ್ಯಾದ" ಅಂತ ಕೇಳಿದ, ಕಾರಿಗೆ ಅಂದ್ರ ನಕ್ಕ. ಎರಡು ಸಿರಿಂಜ್ ದೂಡಿದೆ, ಡಬ್ಬ್ಯಾಗ ಗುಳುಗುಳು ಅಂತ ಒಂದು ದೊಡ್ಡ ಗುಳ್ಳಿ, ಹಿಂದಿಂದ ನಾಕು ಸಣ್ಣವು. ಪೆಡಲ್ ಈಗ ಮ್ಯಾಲಿಂದಲೇ ಗಟ್ಟಿ. ರಿವರ್ಸ್ ಸದ್ದಿಲ್ಲದೇ ಬೀಳ್ತದ.

ಬಿದರಿಹೂಜಿ

ಛಲೋ ಆತು ತಮ್ಮಾ. ಮಾರಬ್ಯಾಡ ಗಾಡಿ. ಡಬ್ಬಿ ಮಾತ್ರ ವಾರಕ್ಕೊಮ್ಮೆ ನೋಡು. ಒಳಗಿನ ಲೋವರೂ ಅಷ್ಟೇ ವಯಸ್ಸಿಂದು.

ಮಿಸ್ತ್ರಿಕಾಕಾ

ಹೌದು. ಮುಂದ ಯಾವಾಗರೆ ತಳದ ತೂತಿನ್ಯಾಗ ಹಸಿ ಕಂಡ್ರ ತಡ ಮಾಡಬ್ಯಾಡ. ಆ ಆಯಿಲ್ ಕ್ಲಚ್ ಪ್ಲೇಟಿಗೆ ಬಿದ್ರ ಪ್ಲೇಟ್ ಜಾರತದ, ಸುಟ್ಟ ವಾಸನಿ ಬರ್ತದ, ಒಂದು ಖರ್ಚಿನ ಜಾಗದಾಗ ಎರಡು. ಅವತ್ತು ಗೇರ್‌ಬಾಕ್ಸ್ ಇಳಸಲೇಬೇಕು, ಇಳಿಸಿದ ಮ್ಯಾಲ ಪ್ಲೇಟ್ ಸವದದ್ದು ಇದ್ರ ಅದನ್ನೂ ಹಾಕಿಸಿಬಿಡು, ಮಜೂರಿ ಒಂದೇ.

ಶಹಾಬಾದ್_ಫರಸಿ

ಕಾಕಾ, ಬೈಯಬ್ಯಾಡ್ರಿ, ಒಂದು ಪ್ರಶ್ನಿ. ನಮ್ಮ ಮಾವನ ಬೊಲೆರೊ ಅದ, ಕಲ್ಲು ಗಣಿ ಕಡಿ ಓಡ್ತದ. ಅದರ ಲೋವರ್ ಹೊರಗೇ ಅದ ಅಂದ್ರಿ. ಅದೂ ಹಸಿ ಕಾಣ್ಲಕತ್ತದ. ರಬ್ಬರ್ ವಾಷರಿನ ಕಿಟ್ ಹಾಕಿಸಬೇಕೋ ಹೊಸಾದು ತರಬೇಕೋ?

ಮಿಸ್ತ್ರಿಕಾಕಾ

ಇದು ಕೇಳೋ ಪ್ರಶ್ನಿ ನೋಡು. ತುದಿಗಿನ ರಬ್ಬರ್ ಟೊಪಗಿ ಹಿಂದ ಸರಸು. ಒಳಗ ಆಯಿಲ್ ನಿಂತಿದ್ರ ವಾಷರ್ ಹೋಗ್ಯಾದ. ಪಿಸ್ಟನ್ ತಗದು ಸಿಲಿಂಡರಿನ ಒಳಮೈಗೆ ಉಗುರು ಆಡಸು. ನುಣ್ಣಗಿದ್ರ ಕಿಟ್ ಸಾಕು. ಉಗುರಿಗೆ ತೂತು, ಗೀರು, ಜಂಗು ಹತ್ತಿದ್ರ ಕಿಟ್ ಹಾಕಿದ್ದು ನಿಲ್ಲಂಗಿಲ್ಲ, ಪೂರಾ ಸಿಲಿಂಡರ್ ಬದಲಿ ಮಾಡಸು. ಗಣಿ ಧೂಳಿನ್ಯಾಗ ಓಡೋ ಗಾಡಿ ಅಂದ್ರ ಆ ಟೊಪಗಿ ಹರದಿರ್ತದ, ಧೂಳು ಹೊಕ್ಕು ಒಳಮೈ ತಿಂದಿರ್ತದ. ನನಗನಸ್ತದ ಹೊಸಾದೇ ತರಬೇಕಾಗ್ತದ ಅಂತ. ಪೈಪಿನ ನಟ್ ಸಾದಾ ಪಾನಾದಿಂದ ತಿರುವಿ ಮೂಲಿ ಸವಸಬ್ಯಾಡ, ಬ್ರೇಕ್ ಪೈಪಿನ ನಟ್ಟಿಗಂತಲೇ ಬರೋ ಫ್ಲೇರ್ ನಟ್ ಪಾನಾನೇ ತಗೋ.

ತೊಗರಿಕಣಜ

ಒಂದೂವರಿ ತಿಂಗಳಾತು ಕಾಕಾ. ಬೀದರಿಗೆ ಎರಡು ಸಲ, ಗಾಣಗಾಪುರಕ್ಕ ಒಂದು ಸಲ ಹೋಗಿ ಬಂದೆ. ಡಬ್ಬಿ ಮ್ಯಾಲ ಬಿಳೀ ಟೇಪ್ ಹಚ್ಚಿ ಪೆನ್ನಿಲೆ ಗೆರಿ ಎಳದೀನಿ. ಇವತ್ತು ಮುಂಜಾನಿ ನೋಡಿದೆ, ಆಯಿಲ್ ಗೆರಿ ಮ್ಯಾಲೇ ಅದ. ವಿಭೂತಿ ಡಬ್ಬಿ ಮಾತ್ರ ಅವ್ವ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ಯಾಳ.